ಸಹಿ ಹಾಕಿದವರು, ವಿಷ ಕುಡಿದವರು, ಬೆಟ್ಟ ಹತ್ತಿದವರು

(ಪಕ್ಷದ ಕಚೇರಿಯ ಮಹಡಿಯಲ್ಲಿ ಭಾನುವಾರ ಸಂಜೆ ನಡೆದ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ಹೋದ ವರ್ಗದಲ್ಲಿ ವಿಯೆಟ್ನಾಮಿನ ಮಾತು ಬಂದಾಗ ನೂಲು ಖಾತೆಯ ಗೆಳೆಯರೊಬ್ಬರು ಎದ್ದು ನಿಂತು, “ಮೇಷ್ಟ್ರೆ, ಹೋ ಚಿ ಮಿನ್ ಬಂದದ್ದು ಆಮೇಲೆ. ಫ್ರೆಂಚರು ಮೊದಲು ಕಾಲಿಟ್ಟಾಗ ಆ ದೇಶಕ್ಕೆ ದೊರೆ ಇರಲಿಲ್ಲವೆ? ಮಂತ್ರಿಗಳಿರಲಿಲ್ಲವೆ? ಅವರೆಲ್ಲ ಏನು ಮಾಡುತ್ತಿದ್ದರು?” ಎಂದು ಕೇಳಿದರು. ರಾತ್ರಿ ಪಾಳಿಯವರು ಹೊರಡುವ ಹೊತ್ತಾಗಿತ್ತು. ಅವಸರದಲ್ಲಿ ಉತ್ತರ ಹೇಳಿ ಮುಗಿಸಲು ನಮಗೆ ಮನಸ್ಸಾಗಲಿಲ್ಲ. “ಎಲ್ಲರೂ ದೇಶ ಮಾರಿಕೊಂಡರು” ಎಂದುಬಿಟ್ಟಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಅದು ಸುಳ್ಳು. ಅವರಲ್ಲಿ ಹಲವರು ಒಂದು ಕಾಸು ಲಂಚ ಮುಟ್ಟದವರು. ಹಲವರು ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡರು. ಆದರೂ ದೇಶ ಹೋಯಿತು. ಯೋಗ್ಯರು ಇದ್ದೂ ದೇಶ ಹೇಗೆ ಹೋಯಿತು ಎಂಬುದನ್ನು ಇಂದು ವಿಚಾರ ಮಾಡೋಣ.

ಹೆಸರುಗಳು ನಮ್ಮ ನಾಲಿಗೆಗೆ ಒಗ್ಗುವಂಥವಲ್ಲ. ಎಲ್ಲವನ್ನೂ ನೆನಪಿಡಬೇಕೆಂದು ನಾವು ಹೇಳುವುದಿಲ್ಲ. ಇಬ್ಬರು ಫಾನ್‌ಗಳನ್ನು ಮಾತ್ರ ಬೇರೆಬೇರೆಯಾಗಿ ಗುರುತಿಟ್ಟುಕೊಳ್ಳಿ. ಒಬ್ಬ ಫಾನ್ ಥಾನ್ ಜಿಯಾನ್. ಇವನನ್ನು ದಕ್ಷಿಣದ ಫಾನ್ ಎನ್ನೋಣ. ಇನ್ನೊಬ್ಬ ಫಾನ್ ದಿನ್ ಫುಂಗ್. ಇವನನ್ನು ಬೆಟ್ಟದ ಫಾನ್ ಎನ್ನೋಣ.

ಮೊದಲು ಈ ಅಧಿಕಾರಿಗಳು ಎಂಥವರು ಎಂಬುದನ್ನು ತಿಳಿಯಬೇಕು. 1802ರಲ್ಲಿ ಗುಯೆನ್ ವಂಶದವರು ದೇಶವನ್ನೆಲ್ಲ ಒಂದು ಮಾಡಿ ನಡುನಾಡಿನ ಹ್ಯೂ ಪಟ್ಟಣದಲ್ಲಿ ಸಿಂಹಾಸನ ಸ್ಥಾಪಿಸಿದರು. ದೊರೆಯ ಕೆಳಗೆ ಆರು ಖಾತೆಗಳು. ಅವುಗಳ ಕೆಳಗೆ ಪ್ರಾಂತ, ಜಿಲ್ಲೆ, ತಾಲ್ಲೂಕುಗಳ ಅಧಿಕಾರಿಗಳು. ಯುರೋಪಿನವರು ಇವರನ್ನು ‘ಮ್ಯಾಂಡರಿನ್’ ಎಂದು ಕರೆದರು. ವಿಚಿತ್ರವೆಂದರೆ ಆ ಶಬ್ದದ ಮೂಲ ನಮ್ಮ ‘ಮಂತ್ರಿ’ಯೇ. ಸಂಸ್ಕೃತದಿಂದ ಮಲಯ ಭಾಷೆಗೆ ಹೋಗಿ, ಅಲ್ಲಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಹಾಗಾಯಿತು.

ಈ ಅಧಿಕಾರ ಹುಟ್ಟಿನಿಂದ ಬರುತ್ತಿರಲಿಲ್ಲ, ಪರೀಕ್ಷೆಯಿಂದ ಬರುತ್ತಿತ್ತು. ಮೂರು ವರ್ಷಕ್ಕೊಮ್ಮೆ ಪ್ರಾಂತದ ಪರೀಕ್ಷೆ. ಗೆದ್ದವರಿಗೆ ರಾಜಧಾನಿಯಲ್ಲಿ ಇನ್ನೊಂದು. ಅದರಲ್ಲಿ ಗೆದ್ದವರಿಗೆ ಅರಮನೆಯಲ್ಲಿ ಕೊನೆಯದು. ಪಾಠವೆಲ್ಲ ಕನ್ಫ್ಯೂಷಿಯಸನ ಗ್ರಂಥಗಳು, ಅದೂ ಚೀನೀ ಲಿಪಿಯಲ್ಲಿ. ಹಳ್ಳಿಯ ಬಡವನ ಮಗನೂ ಕೂರಬಹುದಾಗಿತ್ತು. ಆದರೆ ಇಪ್ಪತ್ತು ವರ್ಷ ಹೊಲಕ್ಕಿಳಿಯದೆ ಓದುವ ಮಗನನ್ನು ಸಾಕುವ ಬಡವರೆಷ್ಟು ಮಂದಿ? ಗೆದ್ದವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಸಂಬಳ ಸ್ವಲ್ಪ. ತಾಲ್ಲೂಕಿನ ಅಧಿಕಾರಿ ಲಂಚಕ್ಕೆ ಕೈ ಚಾಚದಿರಲೆಂದು ‘ನಿಯತ್ತು ಸಾಕುವ ಹಣ’ ಎಂಬ ಹೆಸರಿನ ಬೇರೊಂದು ಭತ್ಯವೂ ಉಂಟು. ನಾವು ಮೆಟ್ರಿಕ್ ಪಾಸಾಗಲು ಎರಡು ಸಲ ಕೂತವರು. ಈ ಪರೀಕ್ಷೆಗಳ ವಿವರ ಓದಿದಾಗ ಅವರ ಮೇಲೆ ಗೌರವವೇ ಹುಟ್ಟಿತು. ಆದರೆ ಅಷ್ಟು ಓದಿದವನಿಗೆ ಹಬೆಯ ಹಡಗು ಹೇಗೆ ಓಡುತ್ತದೆಂಬುದನ್ನು ಯಾರೂ ಕಲಿಸಿರಲಿಲ್ಲ. ದೊರೆಗೆ ಹೇಗೆ ನಿಷ್ಠನಾಗಿರಬೇಕೆಂಬುದನ್ನು ಕಲಿಸಿದ್ದರು. ಜನಕ್ಕೆ ಲೆಕ್ಕ ಒಪ್ಪಿಸಬೇಕೆಂಬುದು ಆ ಪಾಠದಲ್ಲಿರಲಿಲ್ಲ.

1858ರ ಸೆಪ್ಟೆಂಬರ್ 1ರಂದು ಫ್ರಾನ್ಸ್ ಮತ್ತು ಸ್ಪೇನುಗಳ ಕೂಡು ನೌಕಾಪಡೆ ಡಾನಾಂಗ್ ಬಂದರಿನ ಮೇಲೆ ಗುಂಡು ಹಾರಿಸಿತು. ಕ್ರೈಸ್ತ ಪಾದ್ರಿಗಳನ್ನು ಕೊಂದಿರಿ ಎಂಬುದು ನೆಪ. ಕೊಂದದ್ದು ಸುಳ್ಳಲ್ಲ, ಹ್ಯೂ ದರ್ಬಾರು ಆ ವಿಷಯದಲ್ಲಿ ಕ್ರೂರವಾಗಿಯೇ ನಡೆದುಕೊಂಡಿತ್ತು. ಆದರೆ ಪಾದ್ರಿಗಳಿಗಾಗಿ ಬಂದವರು 1859ರ ಫೆಬ್ರವರಿಯಲ್ಲಿ ಹೋಗಿ ಹಿಡಿದದ್ದು ಸೈಗಾನನ್ನು, ಅಂದರೆ ದಕ್ಷಿಣದ ಭತ್ತದ ಕಣಜದ ಬಾಗಿಲನ್ನು. ಮರು ವರ್ಷವೇ ಆ ಬಂದರನ್ನು ವಿದೇಶಿ ವ್ಯಾಪಾರಕ್ಕೆ ತೆರೆದು ಅಕ್ಕಿ ಸಾಗಿಸಲು ಪ್ರಾರಂಭಿಸಿದರು. ವರ್ತಕ ಮಿತ್ರರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ದರ್ಬಾರು ತನ್ನ ಹಿರಿಯ ಸೇನಾನಿ ಗುಯೆನ್ ತ್ರಿ ಫುವೊಂಗನನ್ನು ಕಳಿಸಿತು. ಆತ ಸೈಗಾನಿನ ಬಳಿ ಚೀ ಹೋವಾದಲ್ಲಿ ಮಣ್ಣಿನ ಕೋಟೆಸಾಲುಗಳನ್ನು ಕಟ್ಟಿ ಫ್ರೆಂಚರನ್ನು ಮುತ್ತಿ ಕೂತ. 1861ರ ಫೆಬ್ರವರಿಯಲ್ಲಿ ಫಿರಂಗಿಗಳ ಮುಂದೆ ಆ ಸಾಲು ಮುರಿಯಿತು. ಆತನಿಗೆ ಗಾಯವಾಯಿತು, ತಮ್ಮ ಸತ್ತ.

ಈ ಸಂದರ್ಭದಲ್ಲಿ ದಕ್ಷಿಣದ ಅಧಿಕಾರಿಗಳು ಮಾಡಿದ ಒಂದು ಕೆಲಸವನ್ನು ಚರಿತ್ರೆಕಾರರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮಗೆ ಅದು ದೊಡ್ಡದಾಗಿ ಕಂಡಿದೆ. ಫ್ರೆಂಚರು ಹಿಡಿದ ಪ್ರಾಂತಗಳಿಂದ ಬಹುಮಟ್ಟಿಗೆ ಎಲ್ಲ ಅಧಿಕಾರಿಗಳೂ ಕಂದಾಯದ ಕಡತಗಳ ಸಮೇತ ಹೊರಟುಹೋದರು. ಯಾವ ಹೊಲ ಯಾರದು, ಯಾವ ಹಳ್ಳಿಯ ತೆರಿಗೆ ಎಷ್ಟು ಎಂದು ಹೇಳುವವರಿಲ್ಲ. ಕಚೇರಿ ಖಾಲಿ. ಫ್ರೆಂಚ್ ನೌಕಾಧಿಕಾರಿಗಳು ತಾವೇ ಅಮಲ್ದಾರರಾಗಿ ಕೂರಬೇಕಾಯಿತು. ದುಭಾಷಿಗಳನ್ನೂ ಹೊಸದಾಗಿ ಮುಂದೆ ಬಂದವರನ್ನೂ ಹಿಡಿದು ಕೆಲಸ ನಡೆಸಬೇಕಾಯಿತು. ಊರು ಬಿಟ್ಟ ರೈತರ ಹೊಲಗಳನ್ನು ಹರಾಜು ಹಾಕಿದರು. ಅದರಲ್ಲಿ ಹೊಸ ಜಮೀನ್ದಾರರು ಹುಟ್ಟಿದರು. ಅಧಿಕಾರಿ ಸಹಕರಿಸದಿದ್ದರೆ ಪರಕೀಯನಿಗೆ ಎಷ್ಟು ಕಷ್ಟ ಎಂಬುದು ಅಲ್ಲಿ ಕಂಡಿತು. ಅಧಿಕಾರಿ ತಾನೊಬ್ಬನೇ ಗಂಟು ಕಟ್ಟಿ ಹೊರಟರೆ ಹಿಂದೆ ಉಳಿದ ರೈತನ ಗತಿ ಏನೆಂಬುದೂ ಅಲ್ಲಿಯೇ ಕಂಡಿತು.

ಇನ್ನು ಕರಾರಿನ ವಿಷಯ. 1862ರ ಜೂನ್ 5ರಂದು ಸೈಗಾನಿನಲ್ಲಿ ಅಡ್ಮಿರಲ್ ಬೊನಾರ್ ಮುಂದೆ ದಕ್ಷಿಣದ ಫಾನ್ ಮತ್ತು ಲಾಮ್ ದುಯ್ ಹಿಯೆಪ್ ಎಂಬ ಇಬ್ಬರು ರಾಯಭಾರಿಗಳು ಸಹಿ ಹಾಕಿದರು. ನೀವು ಅಂಗಡಿಯ ದಸ್ತಾವೇಜು ಓದುವಂತೆ ಅದನ್ನು ಓದಬೇಕು. ಮೂರು ಪೂರ್ವ ಪ್ರಾಂತಗಳೂ ಪುಲೊ ಕಾಂಡೊರ್ ದ್ವೀಪವೂ ಫ್ರಾನ್ಸಿಗೆ. ಮೂರು ಬಂದರುಗಳು ವ್ಯಾಪಾರಕ್ಕೆ ಮುಕ್ತ. ಪಾದ್ರಿಗಳಿಗೆ ಮತಪ್ರಚಾರದ ಸ್ವಾತಂತ್ರ್ಯ. ಯುದ್ಧದ ಖರ್ಚೆಂದು 40 ಲಕ್ಷ ಬೆಳ್ಳಿ ಡಾಲರು, ಹತ್ತು ವರ್ಷಗಳ ಕಂತಿನಲ್ಲಿ. ಹೊಡೆದವನ ಕೈನೋವಿಗೆ ಹೊಡೆತ ತಿಂದವನು ದಂಡ ತೆರಬೇಕು!

ಇವೆಲ್ಲಕ್ಕಿಂತ ವಿಷವಾದದ್ದು ವಿನ್ ಲಾಂಗ್ ಕೋಟೆಯ ಷರತ್ತು. ಆ ಕೋಟೆಯನ್ನು ಫ್ರೆಂಚರು ಹಿಡಿದಿಟ್ಟುಕೊಂಡಿದ್ದರು. ಬಿಟ್ಟುಕೊಟ್ಟ ಪ್ರಾಂತಗಳಲ್ಲಿ ಇನ್ನೂ ಕಾದಾಡುತ್ತಿರುವ ನಿಮ್ಮ ಜನರನ್ನು ನೀವೇ ಸುಮ್ಮನಾಗಿಸಿ, ಆಗ ಕೋಟೆಯನ್ನು ಹಿಂದಿರುಗಿಸುತ್ತೇವೆ ಎಂದು ಬರೆಸಿದರು. ಅಂದರೆ ಹ್ಯೂ ದರ್ಬಾರು ಫ್ರೆಂಚರ ಪೊಲೀಸು ಕೆಲಸ ಮಾಡಬೇಕು, ಕೂಲಿಯಾಗಿ ತನ್ನದೇ ಕೋಟೆಯನ್ನು ವಾಪಸು ಪಡೆಯಬೇಕು.

ಅಷ್ಟು ಅವಸರದಿಂದ ಏಕೆ ಸಹಿ ಹಾಕಿದರು? ಉತ್ತರದಲ್ಲಿ ಹಳೆಯ ಲೆ ರಾಜವಂಶದ ಹೆಸರಿನಲ್ಲಿ ದೊಡ್ಡ ಬಂಡಾಯವೆದ್ದಿತ್ತು. ದಕ್ಷಿಣದ ಅಕ್ಕಿ ನಿಂತುಹೋಗಿತ್ತು. ದೊರೆ ತು ಡುಕ್ ಎರಡು ಕಡೆ ಕಾದಲಾರದೆ ಯಾವ ಶತ್ರುವಿನೊಡನೆ ರಾಜಿಯಾಗಲಿ ಎಂದು ತೂಗಿ ನೋಡಿದ. ದಕ್ಷಿಣದಲ್ಲಿ ಬಂದವನು ಮೂರು ಪ್ರಾಂತ ಕೇಳುತ್ತಾನೆ; ಉತ್ತರದಲ್ಲಿ ಎದ್ದವನು ಸಿಂಹಾಸನವನ್ನೇ ಕೇಳುತ್ತಾನೆ. ದೊರೆ ಪ್ರಾಂತಗಳನ್ನು ಕೊಟ್ಟು ಸಿಂಹಾಸನವನ್ನು ಉಳಿಸಿಕೊಂಡ. ಆಮೇಲೆ ಸಹಿ ಹಾಕಿದ ಇಬ್ಬರನ್ನೂ ಬಹಿರಂಗವಾಗಿ ಬೈದು, ಪದವಿ ಇಳಿಸಿ, ಅದೇ ಕೆಲಸದಲ್ಲಿ ಮುಂದುವರಿಸಿದ. ಮೇಲಿನವನ ಅಪ್ಪಣೆಯಂತೆ ಕಾಗದಕ್ಕೆ ರುಜು ಮಾಡಿ ಆಮೇಲೆ ತಾನೊಬ್ಬನೇ ತಪ್ಪಿತಸ್ಥನಾಗಿ ನಿಲ್ಲುವ ಗುಮಾಸ್ತರನ್ನು ನಾವೂ ನೀವೂ ಕಂಡಿದ್ದೇವೆ.

ಆದರೆ ಗೋ ಕಾಂಗ್ ಸೀಮೆಯಲ್ಲಿ ತ್ರುವೊಂಗ್ ದಿನ್ ಎಂಬವನಿದ್ದ. ಆತ ಪರೀಕ್ಷೆ ಗೆದ್ದ ಪಂಡಿತನಲ್ಲ. ಪಾಳುಭೂಮಿ ಉತ್ತು ಸೈನಿಕರೂ ಆಗಿರುತ್ತಿದ್ದ ಒಕ್ಕಲುಗಳ ದಂಡಿನ ನಾಯಕ. ಕರಾರಾದ ಮೇಲೆ ದರ್ಬಾರಿನಿಂದ ಆತನಿಗೆ ಬೇರೆ ಕಡೆಗೆ ವರ್ಗದ ಹುಕುಂ ಬಂತು, ಬಡ್ತಿಯ ಆಸೆಯೊಂದಿಗೆ. ಸುತ್ತಿನ ಹಳ್ಳಿಗಳ ಜನ ಸೇರಿ, ನೀನು ಹೋಗಬೇಡ ಎಂದು ಹಿಡಿದು ನಿಲ್ಲಿಸಿ, ತಾವೇ ಅವನಿಗೆ ಮಹಾದಂಡನಾಯಕನೆಂಬ ಬಿರುದು ಕೊಟ್ಟರು. ದೊರೆ ಕೊಡದ ಬಿರುದನ್ನು ರೈತರು ಕೊಟ್ಟರು! ಫಾನ್ ಮತ್ತು ಲಾಮ್ ದೇಶ ಮಾರಿದರು, ದರ್ಬಾರು ಜನರನ್ನು ಬಿಸಾಡಿತು ಎಂಬ ಮಾತು ಆತನ ಬಾವುಟದ ಮೇಲಿತ್ತೆಂದು ಹೇಳುತ್ತಾರೆ. ಆಯುಧ ಕೆಳಗಿಡು ಎಂದು ಆತನಿಗೆ ಮತ್ತೆ ಮತ್ತೆ ಬರೆದವನು ದಕ್ಷಿಣದ ಫಾನನೇ. ತ್ರುವೊಂಗ್ ದಿನ್ ಇಡಲಿಲ್ಲ. 1864ರ ಆಗಸ್ಟ್ 20ರಂದು ಹಿಂದೆ ತನ್ನ ಜೊತೆಗಿದ್ದವನೇ ತೋರಿಸಿಕೊಟ್ಟದ್ದರಿಂದ ಸಿಕ್ಕಿಬಿದ್ದು ಸತ್ತ.

ಇಷ್ಟಾಗುತ್ತಿರುವಾಗ ಹ್ಯೂನಲ್ಲಿ ದೊರೆ ತನ್ನ ಸಮಾಧಿಯನ್ನು ಕಟ್ಟಿಸುತ್ತಿದ್ದ. ಬದುಕಿರುವಾಗಲೇ ಸಮಾಧಿ ಕಟ್ಟಿಸಿಕೊಳ್ಳುವುದು ಆ ವಂಶದ ಪದ್ಧತಿ. ಕೆರೆ, ತೋಪು, ಮಂಟಪ ಎಲ್ಲ ಇರುವ ಆ ಜಾಗದಲ್ಲಿ ಸಾವಿರಾರು ಆಳುಗಳು ದುಡಿಯುತ್ತಿದ್ದರು. 1866ರಲ್ಲಿ ಆ ಆಳುಗಳು ತಿರುಗಿಬಿದ್ದರು. ಕೈಯಲ್ಲಿದ್ದದ್ದು ಗಾರೆ ಕುಟ್ಟುವ ಒನಕೆ. ಅದನ್ನೇ ಹಿಡಿದು ರಾಜಧಾನಿಯ ಅರಮನೆಗೆ ನುಗ್ಗಿದರು. ‘ಸುಣ್ಣದ ಒನಕೆಯ ದಂಗೆ’ ಎಂದೇ ಅದಕ್ಕೆ ಹೆಸರು. ಮುಂದಾಳುಗಳು ದೊರೆಯ ಅಣ್ಣನ ಮಗನನ್ನು ಪಟ್ಟಕ್ಕೇರಿಸಬೇಕೆಂದಿದ್ದರು. ಅದು ಬೇರೆ ಕಥೆ. ದಂಗೆಯನ್ನು ತುಳಿದುಹಾಕಿದರು. ಸಮಾಧಿಗೆ ಮೊದಲು ‘ಹತ್ತು ಸಾವಿರ ವರ್ಷ’ ಎಂಬ ಅರ್ಥದ ಹೆಸರಿತ್ತು; ಕೊನೆಗೆ ‘ವಿನಯ’ ಎಂಬ ಅರ್ಥದ ಹೆಸರನ್ನು ಇಟ್ಟರು. ಆಳುಗಳ ಒನಕೆ ಅಷ್ಟು ವಿನಯವನ್ನು ಕಲಿಸಿತೆಂದು ನಾವು ತಿಳಿದುಕೊಳ್ಳಬಹುದು.

ಈಗ ದಕ್ಷಿಣದ ಫಾನನ ಕಡೆಯ ದಿನಗಳಿಗೆ ಬರೋಣ. ಆತ ಹುಟ್ಟಿದ್ದು 1796ರಲ್ಲಿ, ಮೆಕಾಂಗ್ ನದಿಯ ಮುಖಜದ ಬೆನ್ ತ್ರೆ ಸೀಮೆಯಲ್ಲಿ. 1826ರಲ್ಲಿ ಅರಮನೆಯ ಪರೀಕ್ಷೆಯಲ್ಲಿ ಗೆದ್ದ. ದಕ್ಷಿಣ ನಾಡಿನಿಂದ ಆ ಮಟ್ಟಕ್ಕೆ ಏರಿದ ಮೊದಲಿಗ ಅವನೇ. ಮೂವರು ದೊರೆಗಳ ಕೈಕೆಳಗೆ ದುಡಿದ. ನೇರ ಮಾತಿಗಾಗಿ ಹಲವು ಸಲ ಪದವಿ ಕಳೆದುಕೊಂಡ, ಮತ್ತೆ ಏರಿದ. 1863ರಲ್ಲಿ ರಾಯಭಾರಿಯಾಗಿ ಪ್ಯಾರಿಸ್ಸಿಗೆ ಹೋಗಿ ಮೂರನೆಯ ನೆಪೋಲಿಯನ್ನನನ್ನು ಕಂಡು, ಹಣ ಕೊಡುತ್ತೇವೆ, ಪ್ರಾಂತಗಳನ್ನು ಬಿಟ್ಟುಕೊಡಿ ಎಂದು ಕೇಳಿದ. ಬಿಟ್ಟುಕೊಡುವ ಒಂದು ಮಾತೂ ನಡೆಯಿತು; ಫ್ರಾನ್ಸಿನ ನೌಕಾಮಂತ್ರಿ ಅದನ್ನು ಮುರಿಸಿದ. ಆದರೆ ಫಾನ್ ಅಲ್ಲಿ ರೈಲನ್ನು ನೋಡಿದ್ದ, ಕಾರ್ಖಾನೆಗಳನ್ನು ನೋಡಿದ್ದ. ಮರಳಿ ಬಂದವನ ಮನಸ್ಸಿನಲ್ಲಿ ಇವರೊಡನೆ ಕಾದಿ ಗೆಲ್ಲುವುದು ಸಾಧ್ಯವಿಲ್ಲ ಎಂಬ ಭಾವನೆ ಬೇರೂರಿತು.

ದರ್ಬಾರು ಆತನನ್ನು ಉಳಿದ ಮೂರು ಪಶ್ಚಿಮ ಪ್ರಾಂತಗಳ ಮೇಲೆ ರಾಜಪ್ರತಿನಿಧಿಯಾಗಿ ಕಳಿಸಿತು. 1867ರ ಜೂನ್ 20ರಂದು ಅಡ್ಮಿರಲ್ ದ ಲಾ ಗ್ರಾಂದಿಯೇರ್ ಹಡಗುಗಳೊಡನೆ ವಿನ್ ಲಾಂಗಿನ ಮುಂದೆ ಬಂದು ನಿಂತ. ಯಾವ ಕರಾರನ್ನು ಮಾನ್ಯ ಮಾಡಿ ಐದು ವರ್ಷ ಕಂತು ಕಟ್ಟಿಸಿಕೊಂಡಿದ್ದರೋ ಆ ಕರಾರನ್ನೇ ಮುರಿದು. ಎಪ್ಪತ್ತರ ಮುದುಕ ಹಡಗಿಗೆ ಹೋಗಿ, ಜನರಿಗೆ ತೊಂದರೆ ಕೊಡಬೇಡಿ ಎಂದು ಕೇಳಿಕೊಂಡು, ಕೋಟೆಯನ್ನು ಒಪ್ಪಿಸಿದ. ಆನ್ ಜಾಂಗ್, ಹಾ ತಿಯೆನ್ ಕೋಟೆಗಳವರಿಗೂ ಒಪ್ಪಿಸಿರಿ ಎಂದು ಬರೆದ. ಐದು ದಿನಗಳಲ್ಲಿ, ಒಂದು ಕೋವಿಯ ಸದ್ದಿಲ್ಲದೆ, ಮೂರು ಪ್ರಾಂತಗಳು ಹೋದವು.

ಆಮೇಲೆ ದರ್ಬಾರಿನ ಉಡುಪನ್ನೂ ಬಿರುದಿನ ಪತ್ರಗಳನ್ನೂ ಹ್ಯೂಗೆ ಹಿಂದಿರುಗಿಸಿ ಅನ್ನ ಬಿಟ್ಟ. ಎರಡು ವಾರಕ್ಕೂ ಮಿಕ್ಕಿ ಉಪವಾಸವಿದ್ದರೂ ಪ್ರಾಣ ಹೋಗಲಿಲ್ಲ. ಕೊನೆಗೆ ಅಫೀಮು ಕುಡಿದು ಆಗಸ್ಟ್ 4ರಂದು ತೀರಿಕೊಂಡ. ಮಕ್ಕಳಿಗೆ, ಫ್ರೆಂಚರ ಕೈಕೆಳಗೆ ಯಾವ ಹುದ್ದೆಯನ್ನೂ ಹಿಡಿಯಬೇಡಿ ಎಂದು ಹೇಳಿದ್ದ. ತನ್ನ ಹೆಸರಿನ ಮುಂದೆ ಪದವಿಗಳನ್ನು ಬರೆಯಬೇಡಿ; ದಕ್ಷಿಣದ ಕಡಲತೀರದ ಮುದಿ ವಿದ್ಯಾರ್ಥಿ ಎಂದಿಷ್ಟು ಸಾಕು ಎಂದೂ ಹೇಳಿದ್ದ. ದರ್ಬಾರು 1868ರಲ್ಲಿ ಸತ್ತವನ ಪದವಿಗಳನ್ನೆಲ್ಲ ಕಿತ್ತುಕೊಂಡು, ಪರೀಕ್ಷೆ ಗೆದ್ದವರ ಕಲ್ಲಿನ ಮೇಲಿಂದ ಆತನ ಹೆಸರನ್ನು ಅಳಿಸಿಹಾಕಿತು. 1886ರಲ್ಲಿ, ಫ್ರೆಂಚರು ಕೂರಿಸಿದ ದೊರೆಯ ಕಾಲದಲ್ಲಿ, ಹೆಸರು ಮರಳಿ ಬಂತು.

ಈತನನ್ನು ಏನೆಂದು ಕರೆಯುವುದು? ಈ ಪ್ರಸಂಗ ಓದುವಾಗ ನಮಗೆ ಸಿಟ್ಟೂ ಬಂದಿದೆ, ಕಣ್ಣೂ ಒದ್ದೆಯಾಗಿದೆ. ಆತನಿಗೆ ಹಣದ ಆಸೆ ಇರಲಿಲ್ಲ, ಪ್ರಾಣದ ಆಸೆಯೂ ಇರಲಿಲ್ಲ. ಆದರೆ ಮೂರು ಪ್ರಾಂತಗಳ ಜನ ಕಾದಬೇಕೋ ಬೇಡವೋ ಎಂಬುದನ್ನು ತಾನೊಬ್ಬನೇ ಹಡಗಿನ ಮೇಲೆ ಕೂತು ತೀರ್ಮಾನಿಸಿದ. ಸೋಲಿಗೆ ಬೆಲೆಯೆಂದು ತನ್ನ ಪ್ರಾಣ ಕೊಟ್ಟ; ಕೊಟ್ಟದ್ದು ದೊರೆಗೆ. ರೈತರಿಗೆ ಅದರಿಂದ ಒಂದು ಹಿಡಿ ಭತ್ತ ಉಳಿಯಲಿಲ್ಲ. ರಕ್ತ ಹರಿಯದಿರಲೆಂದು ಆತ ಕೋಟೆ ಕೊಟ್ಟದ್ದು ನಿಜ. ಅದೇ ವರ್ಷ ಅದೇ ಸೀಮೆಯ ಜನ ಆಯುಧ ಹಿಡಿದು ಎದ್ದದ್ದೂ ನಿಜ. ಎದ್ದವರ ಮುಂದೆ ನಿಂತವರು ಆತನ ಮಕ್ಕಳೇ, ಫಾನ್ ತೋನ್ ಮತ್ತು ಫಾನ್ ಲಿಯೆಮ್. ಕಾದುವವರು ಇದ್ದರೆಂದು ಇದರಿಂದ ತಿಳಿಯುತ್ತದೆ. ಅವರನ್ನು ಕೇಳಿದವರಿರಲಿಲ್ಲ.

ಉತ್ತರದ ಕಥೆಯೂ ಹೆಚ್ಚುಕಡಮೆ ಹೀಗೆಯೇ. 1873ರ ನವೆಂಬರಿನಲ್ಲಿ ಗಾರ್ನಿಯೇ ಎಂಬ ಫ್ರೆಂಚ್ ಅಧಿಕಾರಿ ಕೈಬೆರಳೆಣಿಕೆಯ ದಂಡಿನೊಡನೆ ಹನೋಯ್ ಕೋಟೆಯನ್ನು ಹಿಡಿದ. ಚೀ ಹೋವಾದ ಅದೇ ಮುದಿ ಸೇನಾನಿ ಗುಯೆನ್ ತ್ರಿ ಫುವೊಂಗ್ ಅಲ್ಲಿದ್ದ. ಮಗ ಸತ್ತ, ತಾನು ಗಾಯಗೊಂಡು ಸೆರೆಸಿಕ್ಕ. ಶತ್ರುವಿನ ಔಷಧವನ್ನೂ ಅನ್ನವನ್ನೂ ಮುಟ್ಟದೆ ಪ್ರಾಣಬಿಟ್ಟ. 1882ರ ಏಪ್ರಿಲ್ 25ರಂದು ರಿವಿಯೇರ್ ಎಂಬವನು ಅದೇ ಕೋಟೆಯನ್ನು ಮತ್ತೆ ಹಿಡಿದ. ಆಗ ಅಲ್ಲಿನ ಅಧಿಕಾರಿ ಹೊವಾಂಗ್ ದಿಯೂ. ಮದ್ದಿನ ಉಗ್ರಾಣ ಸಿಡಿದು ಎಲ್ಲವೂ ಮುಗಿದಾಗ ದೊರೆಗೆ ಕೊನೆಯ ಅರಿಕೆ ಬರೆದಿಟ್ಟು ನೇಣು ಹಾಕಿಕೊಂಡ. ಇವರೆಲ್ಲ ಧೀರರು, ಆದರೆ ಗಾರ್ನಿಯೇನನ್ನೂ ರಿವಿಯೇರನನ್ನೂ ಕೊಂದವರು ದರ್ಬಾರಿನ ಪಡೆಯವರಲ್ಲ. ಗಡಿ ದಾಟಿ ಬಂದ ಚೀನಿಯರ ‘ಕಪ್ಪು ಬಾವುಟ’ದ ದಂಡಿನವರು.

1883ರ ಜುಲೈನಲ್ಲಿ ತು ಡುಕ್ ಮಕ್ಕಳಿಲ್ಲದೆ ಸತ್ತ. ಆಮೇಲೆ ಒಂದು ವರ್ಷದಲ್ಲಿ ಹ್ಯೂ ಅರಮನೆಯಲ್ಲಿ ನಡೆದದ್ದನ್ನು ನಾಟಕ ಕಂಪನಿಯವರು ಆಡಿದರೂ ನಂಬುವವರಿಲ್ಲ. ಅಧಿಕಾರ ತೋನ್ ಥಾತ್ ಥುಯೆತ್ ಮತ್ತು ಗುಯೆನ್ ವಾನ್ ತುವೊಂಗ್ ಎಂಬ ಇಬ್ಬರ ಕೈಗೆ ಬಿತ್ತು. ಒಬ್ಬ ದೊರೆಯನ್ನು ಮೂರು ದಿನಕ್ಕೆ ಇಳಿಸಿದರು. ಎರಡನೆಯವನಿಗೆ ನಾಲ್ಕು ತಿಂಗಳಲ್ಲಿ ವಿಷ. ಮೂರನೆಯವನು ಹುಡುಗ, ಬೇಗನೆ ತೀರಿಕೊಂಡ. ನಾಲ್ಕನೆಯವನೂ ಹುಡುಗನೇ, ಹಾಮ್ ನ್ಘಿ. ಇದರ ನಡುವೆಯೇ ಫ್ರೆಂಚರು ಹ್ಯೂ ನದಿಯ ಬಾಯಿಯ ಥುವಾನ್ ಆನ್ ಕೋಟೆಗಳನ್ನು ಒಡೆದು ಇಡೀ ದೇಶದ ಮೇಲೆ ತಮ್ಮ ರಕ್ಷಣಾಧಿಕಾರವನ್ನು ಬರೆಸಿಕೊಂಡರು. 1884ರ ಜೂನ್ 6ರ ಕರಾರಿನ ದಿನ, ಹಿಂದೆ ಚೀನಾದ ಸಾಮ್ರಾಟ ಕೊಟ್ಟಿದ್ದ ಬೆಳ್ಳಿಯ ರಾಜಮೊಹರನ್ನು ಎಲ್ಲರೆದುರಿಗೆ ಕರಗಿಸಿದರು.

1885ರ ಜುಲೈ 4ರ ರಾತ್ರಿ ಥುಯೆತ್ ಹ್ಯೂನಲ್ಲಿದ್ದ ಫ್ರೆಂಚ್ ಪಡೆಯ ಮೇಲೆ ಬಿದ್ದ. ಬೆಳಗಾಗುವಷ್ಟರಲ್ಲಿ ಸೋತು, ಬಾಲದೊರೆಯನ್ನು ಕರೆದುಕೊಂಡು ಬೆಟ್ಟಗಳಿಗೆ ಹೋದ. ಫ್ರೆಂಚ್ ಸೈನಿಕರು ಅರಮನೆಯನ್ನು ಸೂರೆ ಮಾಡಿದರು. ಬೆಟ್ಟದಿಂದ ಜುಲೈ 13ರಂದು ದೊರೆಯ ಹೆಸರಿನಲ್ಲಿ, ‘ದೊರೆಗೆ ನೆರವಾಗಿ’ ಎಂಬ ಕರೆ ಹೊರಟಿತು. ತುವೊಂಗ್ ಊರಲ್ಲೇ ಉಳಿದು ಫ್ರೆಂಚರ ಮೊರೆಹೊಕ್ಕ; ಅವರು ಆತನನ್ನು ಎರಡು ತಿಂಗಳು ಬಳಸಿಕೊಂಡು ಪುಲೊ ಕಾಂಡೊರಿಗೂ ಅಲ್ಲಿಂದ ಬಹುದೂರದ ತಾಹಿತಿ ದ್ವೀಪಕ್ಕೂ ಗಡಿಪಾರು ಮಾಡಿದರು. ಅಲ್ಲೇ 1886ರಲ್ಲಿ ಸತ್ತ.

ಈ ಕರೆ ಮುಟ್ಟಿದವರಲ್ಲಿ ಬೆಟ್ಟದ ಫಾನ್ ಒಬ್ಬ. ಇಂದು ಇಷ್ಟು ಹೊತ್ತು ನಾವು ಮಾತಾಡಿದ್ದು ಇವನ ಬಳಿಗೆ ಬರುವುದಕ್ಕಾಗಿ.

ಹಾ ತಿನ್ ಪ್ರಾಂತದ ಡೊಂಗ್ ಥಾಯ್ ಹಳ್ಳಿಯಲ್ಲಿ 1847ರಲ್ಲಿ ಹುಟ್ಟಿದವನು. 1877ರ ಪರೀಕ್ಷೆಯಲ್ಲಿ ದೇಶಕ್ಕೆ ಮೊದಲಿಗ. ಅಧಿಕಾರಿಗಳ ತಪ್ಪು ಹಿಡಿಯುವ ಖಾತೆಯಲ್ಲಿ ಅವನಿಗೆ ಕೆಲಸ. 1883ರಲ್ಲಿ ಥುಯೆತ್ ಮೊದಲ ದೊರೆಯನ್ನು ಇಳಿಸಿದಾಗ ದರ್ಬಾರಿನಲ್ಲಿ ಎದ್ದು, ಇದು ಅನ್ಯಾಯ ಎಂದವನು ಇವನೇ. ಥುಯೆತ್ ಆತನನ್ನು ಸೆರೆಗೆ ಹಾಕಿ, ಕೆಲಸ ಕಿತ್ತು, ಹಳ್ಳಿಗೆ ಅಟ್ಟಿದ. ಎರಡು ವರ್ಷಗಳ ಮೇಲೆ ಅದೇ ಥುಯೆತ್ ಬೆಟ್ಟದಿಂದ ಕರೆ ಕಳಿಸಿದ. ನಾವು ಎದೆ ಮುಟ್ಟಿಕೊಂಡು ಹೇಳಬೇಕು: ನಮ್ಮನ್ನು ಕೆಲಸದಿಂದ ಕಿತ್ತವನು ಬಾ ಎಂದರೆ ನಾವು ಹೋಗುತ್ತೇವೆಯೆ? ಫಾನ್ ಹೋದ.

ಮುಂದೆ ಥುಯೆತ್ ಚೀನಾದ ನೆರವು ತರುತ್ತೇನೆಂದು ಹೋದವನು ಮರಳಲೇ ಇಲ್ಲ. 1888ರ ನವೆಂಬರಿನಲ್ಲಿ ಬಾಲದೊರೆಯನ್ನು ಅಂಗರಕ್ಷಕನಾಗಿದ್ದವನೇ ಹಿಡಿದುಕೊಟ್ಟ. ಫ್ರೆಂಚರು ಆತನನ್ನು ಆಫ್ರಿಕದ ಅಲ್ಜೀರಿಯಕ್ಕೆ ಸಾಗಿಸಿದರು. ‘ದೊರೆಗೆ ನೆರವಾಗಿ’ ಎಂಬ ಚಳವಳಿಗೆ ದೊರೆಯೇ ಇಲ್ಲ! ಇನ್ನು ಯಾರಿಗೆ ನೆರವಾಗುವುದು? ಆದರೂ ಫಾನ್ ವು ಕ್ವಾಂಗ್ ಬೆಟ್ಟಗಳಲ್ಲಿ ಇನ್ನೂ ಏಳು ವರ್ಷ ನಿಂತ. ಹಳ್ಳಿಗಳೇ ಅಕ್ಕಿ ಕೊಟ್ಟವು, ಹಳ್ಳಿಗಳೇ ಸುದ್ದಿ ಕೊಟ್ಟವು. ದಕ್ಷಿಣದ ಫಾನನಿಗೂ ಬೆಟ್ಟದ ಫಾನನಿಗೂ ಇರುವ ಅಂತರ ಇಲ್ಲಿದೆ. ಓದಿದ ಪುಸ್ತಕ ಒಂದೇ, ನಿಷ್ಠೆಯ ಪಾಠ ಒಂದೇ. ಆದರೆ ದೊರೆ ಇಲ್ಲದಾದಾಗ ಇವನ ಕಾಲ ಕೆಳಗೆ ಉಳಿದದ್ದು ಜನ ಮಾತ್ರ.

ಆತನ ಬಲಗೈ ಕಾವ್ ಥಾಂಗ್ ಎಂಬ ಯುವಕ. ಕುಶಲ ಕೆಲಸಗಾರರಾದ ನೀವು ಈತನ ಹೆಸರನ್ನು ನೆನಪಿಡಬೇಕು. ಫ್ರೆಂಚರಿಂದ ಕಿತ್ತುಕೊಂಡ 1874ರ ಮಾದರಿಯ ಕೋವಿಗಳನ್ನು ಬಿಚ್ಚಿ, ಒಂದೊಂದು ಭಾಗವನ್ನೂ ನೋಡಿ, ಹಳ್ಳಿಯ ಕಮ್ಮಾರರನ್ನು ಕೂಡಿಸಿ ಬೆಟ್ಟದಲ್ಲೇ ಅಂಥದೇ ಕೋವಿಗಳನ್ನು ಮಾಡಿಸಿದ. ಅವು ತಮ್ಮ ಕೋವಿಗಳಂತೆಯೇ ಇದ್ದವೆಂದು ಫ್ರೆಂಚ್ ಕ್ಯಾಪ್ಟನ್ ಒಬ್ಬ ಬರೆದಿದ್ದಾನೆ. ಸ್ಪ್ರಿಂಗು ಸ್ವಲ್ಪ ಸಡಿಲ, ನಳಿಗೆಯ ಒಳಗೆ ಸುರುಳಿ ಗೀರುಗಳಿಲ್ಲ, ಅಷ್ಟೇ ವ್ಯತ್ಯಾಸ. ದರ್ಬಾರು ಖಜಾನೆಯನ್ನು ಕೈಯಲ್ಲಿಟ್ಟುಕೊಂಡು ಮಾಡಲಾರದ್ದನ್ನು ಕಮ್ಮಾರರು ತಿದಿಯೊ‌ತ್ತಿ ಮಾಡಿದರು. ಕಾವ್ ಥಾಂಗ್ 1893ರಲ್ಲಿ ಒಂದು ಠಾಣೆಯ ಮೇಲಿನ ದಾಳಿಯಲ್ಲಿ ಸತ್ತ.

ಫ್ರೆಂಚರು ಫಾನನ ಮನೆಯವರನ್ನು ಹಿಡಿದರು. ಹಿರಿಯರ ಗೋರಿಗಳನ್ನು ಅಗೆಸಿದರು. ಪಿತೃಗಳ ಗೋರಿಯೆಂದರೆ ಆ ದೇಶದವರಿಗೆ ಪ್ರಾಣಕ್ಕಿಂತ ಹೆಚ್ಚು. ಈಗ ತಾನು ಕಾಯಬೇಕಾದ ಗೋರಿ ಒಂದೇ, ಅದು ಇಡೀ ದೇಶ. ಒಬ್ಬ ಅಣ್ಣನನ್ನು ಬಿಡಿಸಲು ಹೋದರೆ ದೇಶದ ಉಳಿದ ಅಣ್ಣತಮ್ಮಂದಿರನ್ನು ಬಿಡಿಸುವವರು ಯಾರು ಎಂಬ ಅರ್ಥದ ಉತ್ತರವನ್ನು ಆತ ಕೊಟ್ಟನೆಂದು ಹೇಳುತ್ತಾರೆ.

ಬಳಿಕ ಒಂದು ಕಾಗದ ಬಂತು. ಬರೆದವನು ಅದೇ ಡೊಂಗ್ ಥಾಯ್ ಹಳ್ಳಿಯವನು, ಹೊವಾಂಗ್ ಕಾವ್ ಖಾಯ್. ಇವನೂ ಪರೀಕ್ಷೆ ಗೆದ್ದವನೇ. ಫ್ರೆಂಚರ ಕೈಕೆಳಗೆ ಇಡೀ ಉತ್ತರ ನಾಡಿನ ರಾಜಪ್ರತಿನಿಧಿಯಾಗಿದ್ದ. ನಿನ್ನ ಹೋರಾಟದಿಂದ ನಮ್ಮ ಸೀಮೆಯ ಜನ ನರಳುತ್ತಿದ್ದಾರೆ, ಜನರ ಮೇಲೆ ಕರುಣೆಯಿದ್ದರೆ ಇಳಿದು ಬಾ ಎಂಬುದು ಒಕ್ಕಣೆ. ಇಂಥ ಕರುಣೆಯ ಮಾತು ನಮಗೆ ಹೊಸದಲ್ಲ; ಮುಷ್ಕರದ ಎರಡನೆಯ ವಾರದಲ್ಲಿ, ನಿಮ್ಮ ಹೆಂಡಿರು ಮಕ್ಕಳ ಗತಿಯೇನು ಎಂದು ಕೇಳಿಕೊಂಡು ಬರುವವರ ಬಾಯಲ್ಲಿ ಕೇಳಿದ್ದೇವೆ. ಜನರ ನರಳಾಟಕ್ಕೆ ಕಾರಣ ಫ್ರೆಂಚರೂ ಅವರ ಕೈಕೆಳಗೆ ನಿಂತ ಅಧಿಕಾರಿಗಳೂ ಅಲ್ಲವೆ ಎಂದು ಫಾನ್ ವಿನಯದಿಂದಲೇ ಉತ್ತರ ಬರೆದ. ಬೆಟ್ಟದಲ್ಲೇ ಭೇದಿ ರೋಗಕ್ಕೆ ಸಿಕ್ಕಿ 1895ರ ಕೊನೆಯಲ್ಲಿ ತೀರಿಕೊಂಡ. ದರ್ಬಾರಿನ ಗುಯೆನ್ ಥಾನ್ ಎಂಬ ಅಧಿಕಾರಿ ಹೆಣವನ್ನು ಅಗೆಸಿ, ಸುಟ್ಟು, ಬೂದಿಯನ್ನು ಮದ್ದಿನಲ್ಲಿ ಬೆರೆಸಿ ಹಾರಿಸಿದನೆಂಬ ಮಾತು ಆ ಸೀಮೆಯಲ್ಲಿ ಉಳಿದಿದೆ.

ಆಮೇಲಿನ ಅಧಿಕಾರಿಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. 1897ರಲ್ಲಿ ಬಂದ ಗವರ್ನರ್ ಜನರಲ್ ಡೂಮೆರ್ ಕಂದಾಯವನ್ನೆಲ್ಲ ಫ್ರೆಂಚ್ ಖಜಾನೆಗೆ ತಿರುಗಿಸಿ, ದೊರೆಗೂ ಅಧಿಕಾರಿಗಳಿಗೂ ಸಂಬಳ ಕಟ್ಟಿದ. ಖಾಯ್‌ನ ರಾಜಪ್ರತಿನಿಧಿ ಪದವಿಯನ್ನೇ ರದ್ದು ಮಾಡಿದ. ಅಷ್ಟು ಸೇವೆ ಮಾಡಿದವನಿಗೆ ಅಷ್ಟು ಬಹುಮಾನ! ಉಪ್ಪು, ಅಫೀಮು, ಸಾರಾಯಿ ಸರ್ಕಾರದ ಗುತ್ತಿಗೆಯಾದವು. ರೇಷ್ಮೆಯ ನಿಲುವಂಗಿ ಉಳಿಯಿತು, ಮೊಹರು ಉಳಿಯಿತು. ಮೊಹರು ಒತ್ತುವ ಕಾಗದವನ್ನು ಫ್ರೆಂಚ್ ರೆಸಿಡೆಂಟ್ ಬರೆಸುತ್ತಿದ್ದ. ಕೊನೆಯ ಅರಮನೆ ಪರೀಕ್ಷೆ ನಡೆದದ್ದು 1919ರಲ್ಲಿ.

ಆ ಕೊನೆಗಾಲದ ಅಧಿಕಾರಿಗಳಲ್ಲಿ ಗುಯೆನ್ ಸಿನ್ ಸಾಕ್ ಎಂಬವನೊಬ್ಬ. 1901ರಲ್ಲಿ ರಾಜಧಾನಿಯ ಪರೀಕ್ಷೆ ಗೆದ್ದವನು. ನೌಕರಿಗೆ ಮನಸ್ಸಿಲ್ಲದೆ ನೌಕರಿ ಹಿಡಿದ. 1909ರಲ್ಲಿ ಬಿನ್ ಖೆ ತಾಲ್ಲೂಕಿನ ಅಧಿಕಾರಿಯಾದ, ಮರು ವರ್ಷವೇ ಕೆಲಸ ಹೋಯಿತು. ಅಧಿಕಾರಿಯೆಂದರೆ ಗುಲಾಮರೊಳಗಿನ ಗುಲಾಮ ಎಂದು ಆತ ಹೇಳುತ್ತಿದ್ದನಂತೆ. ಆತನ ಮಗ 1911ರ ಜೂನ್ 5ರಂದು ಸೈಗಾನಿನಲ್ಲಿ ಹಡಗಿನ ಅಡಿಗೆಮನೆಯ ಆಳಾಗಿ ದೇಶ ಬಿಟ್ಟ. ಸೈಗಾನಿನ ಕರಾರಿಗೆ ಸಹಿ ಬಿದ್ದು ಆ ದಿನಕ್ಕೆ ಸರಿಯಾಗಿ 49 ವರ್ಷ. ಆ ಮಗನನ್ನೇ ಲೋಕ ಮುಂದೆ ಹೋ ಚಿ ಮಿನ್ ಎಂದು ಕರೆಯಿತು. ನೂಲು ಖಾತೆಯ ಗೆಳೆಯರ ಪ್ರಶ್ನೆಗೆ ಒಂದು ಉತ್ತರ ಇಲ್ಲಿಯೂ ಇದೆ.

1945ರ ಆಗಸ್ಟ್ 30ರಂದು ಕೊನೆಯ ದೊರೆ ಬಾವೊ ದಾಯ್ ಹ್ಯೂ ಅರಮನೆಯ ದಕ್ಷಿಣ ಬಾಗಿಲಿನಲ್ಲಿ ಬಂಗಾರದ ಮೊಹರನ್ನೂ ಖಡ್ಗವನ್ನೂ ಹೊಸ ಸರ್ಕಾರದ ನಿಯೋಗಕ್ಕೆ ಒಪ್ಪಿಸಿದ. ನಿಯೋಗದ ಮುಖಂಡ ತ್ರಾನ್ ಹುಯ್ ಲಿಯೂ. ಆತ ಮುಂದೆ ಚರಿತ್ರೆಕಾರನಾದ. 1963ರಲ್ಲಿ ಹನೋಯಿನ ಚರಿತ್ರೆ ಪತ್ರಿಕೆಯಲ್ಲಿ ದಕ್ಷಿಣದ ಫಾನನ ಮೇಲೆ ನಡೆದ ದೊಡ್ಡ ಚರ್ಚೆಯನ್ನು ಮುಗಿಸಿ, ದೇಶದ್ರೋಹಿ ಎಂಬ ತೀರ್ಪನ್ನು ಬರೆದವನೂ ಆತನೇ. ಈಚಿನ ದಶಕಗಳಲ್ಲಿ ಆ ತೀರ್ಪನ್ನು ಅಲ್ಲಿಯವರೇ ಮತ್ತೆ ಕೆದಕಿ ಸಡಿಲ ಮಾಡಿದ್ದಾರೆ.

ಕೊನೆಯದಾಗಿ, ದಕ್ಷಿಣದ ಫಾನನ ಗೋರಿ ಇರುವುದು ಬೆನ್ ತ್ರೆಯ ಬಾ ತ್ರಿ ಸೀಮೆಯಲ್ಲಿ. ಅದೇ ಸೀಮೆಯಲ್ಲಿ ಗುಯೆನ್ ದಿನ್ ಚಿಯೂ ಎಂಬ ಕುರುಡು ಕವಿಯ ಗೋರಿಯೂ ಇದೆ. ಆತ ನಮ್ಮಂತೆ ಹಳ್ಳಿಯ ಮೇಷ್ಟರು. ಜೊತೆಗೆ ವೈದ್ಯ ಕೂಡ. ಫ್ರೆಂಚರು ಒಲಿಸಿಕೊಳ್ಳಲು ಬಂದರೆ ಒಲಿಯಲಿಲ್ಲ. 1888ರಲ್ಲಿ ಸಾಯುವವರೆಗೆ ಅದೇ ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ದೊರೆಯ ಹುಕುಂ ಮೀರಿ ಕಾದಿ ಸತ್ತ ತ್ರುವೊಂಗ್ ದಿನ್‌ನ ಮೇಲೆ ಈತ ಹನ್ನೆರಡು ಶೋಕಪದ್ಯಗಳನ್ನು ಕಟ್ಟಿದ. ಕೋಟೆ ಕೊಟ್ಟು ವಿಷ ಕುಡಿದ ಫಾನನ ಮೇಲೆ ಎರಡನ್ನು ಕಟ್ಟಿದ.

ಎರಡನೆಯ ಪಾಳಿಯವರು ಹೊರಡಬಹುದು. ಉಳಿದವರು ಪ್ರಶ್ನೆಗಳಿದ್ದರೆ ಕೇಳಿ.